ಹಾಗೂ ಸಂಗಡಿಗರು

ಆಹ್ವಾನ ಪತ್ರಿಕೆಗಳನ್ನು ಎಸೆಯದೆ ಕೂಡಿಡುವುದು ನನಗೊಂದು ಚಟ. ಮದುವೆಯ ಕಾರ್ಡುಗಳಲ್ಲ, ಅವುಗಳ ಬೆನ್ನಿಗೆ ಕಿರಾಣಿ ಯಾದಿ ಬರೆದು ಮುಗಿಸಿಬಿಡುತ್ತೇನೆ. ನಾನು ಕಾಯ್ದಿಡುವುದು ಹಾಡಿನ ಕಾರ್ಯಕ್ರಮಗಳ ಪತ್ರಿಕೆಗಳನ್ನು. ತವರಿನಿಂದ ಬಂದ ತಗಡಿನ ಟ್ರಂಕಿನ ಅರ್ಧ ಅವುಗಳಿಂದಲೇ ತುಂಬಿದೆ. "ಈ ರದ್ದಿ ಮಾರಿದರೆ ಒಂದು ಕಿಲೋ ಸಕ್ಕರೆಯಾದರೂ ಬಂದೀತು" ಎಂದು ಮನೆಯವರು ವರ್ಷಕ್ಕೊಮ್ಮೆ ಹೇಳುತ್ತಾರೆ, ನಾನು ವರ್ಷಕ್ಕೊಮ್ಮೆ ಕೇಳಿಸಿಕೊಳ್ಳುವುದಿಲ್ಲ.

ಇಂಥ ಪತ್ರಿಕೆಗಳನ್ನು ನೀವೂ ನೋಡಿರುತ್ತೀರಿ. ಮೊದಲು ಉದ್ಘಾಟಕರು, ಆಮೇಲೆ ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು. ಒಬ್ಬೊಬ್ಬರ ಹೆಸರಿನ ಕೆಳಗೆ ಅವರು ಈಗಿರುವ ಪದವಿ, ಹಿಂದೆ ಇದ್ದ ಪದವಿ. ಎಲ್ಲ ಮುಗಿದು ಅಂಚಿಗೆ ಬೆರಳು ತಾಗುವಷ್ಟು ಕೆಳಗೆ, ಸಣ್ಣ ಅಕ್ಷರದಲ್ಲಿ: "ಜಾನಪದ ಗಾಯನ: ಶ್ರೀ ಇಂಥವರು ಹಾಗೂ ಸಂಗಡಿಗರು."

ನಾನು ಈ ಮಾತನ್ನು ಮೊದಲು ಕೇಳಿದ್ದು ನಮ್ಮವ್ವನ ರೇಡಿಯೋದಲ್ಲಿ. ಕಲಬುರಗಿ ಆಕಾಶವಾಣಿಯಿಂದ ಜಾನಪದ ಗೀತೆಗಳು ಬರುವ ಹೊತ್ತಿಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಾಡು ಮುಗಿದ ಮೇಲೆ ಹಾಡಿದವರ ಹೆಸರು ಹೇಳಿ "ಹಾಗೂ ಸಂಗಡಿಗರು" ಎನ್ನುತ್ತಿದ್ದರು. ಸಂಗಡಿಗರು ಎಂಬುದು ಯಾವುದೋ ದೊಡ್ಡ ಮನೆತನದ ಅಡ್ಡಹೆಸರು ಎಂದು ನಾನು ಬಹಳ ದಿನ ತಿಳಿದಿದ್ದೆ. ಅಷ್ಟು ಚೆನ್ನಾಗಿ ಹಾಡುವ ಆ ಮನೆತನದವರು ನಮ್ಮ ಊರಿಗೆ ಯಾಕೆ ಬರುವುದಿಲ್ಲ ಎಂದು ಕೊರಗಿದ್ದೂ ಉಂಟು.

ನಗಬೇಡಿ. ಇಂಥದೇ ತಪ್ಪನ್ನು ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲೇ ಮಾಡಿದ. ಕನ್ನಡ ಪುಸ್ತಕದಲ್ಲಿ ಒಂದು ಜನಪದ ಗೀತೆ ಇತ್ತು. ಕವಿಯ ಪರಿಚಯ ಬರೆಯಿರಿ ಎಂಬ ಪ್ರಶ್ನೆಗೆ ಅವನು ಬರೆದಿದ್ದ: "ಜನಪದ ಅವರು ಒಂದು ಹಳ್ಳಿಯಲ್ಲಿ ಜನಿಸಿದರು. ಅವರು ಬಡವರಾಗಿದ್ದರು. ಅವರು ಅನೇಕ ಹಾಡುಗಳನ್ನು ಬರೆದಿದ್ದಾರೆ." ಸೊನ್ನೆ ಹಾಕಲು ಕೈ ಎತ್ತಿದವಳು ಹಾಗೇ ಕೂತೆ. ಹುಡುಗ ಬರೆದದ್ದರಲ್ಲಿ ಸುಳ್ಳು ಯಾವುದು? ಕೊನೆಗೆ ಅರ್ಧ ಅಂಕ ಕೊಟ್ಟೆ.

ಈ ಎಲ್ಲ ನೆನಪು ಮತ್ತೆ ಎದ್ದು ಕೂತದ್ದು ಕಳೆದ ಚಳಿಗಾಲದ ಒಂದು ಭಾನುವಾರ. ಬೀದರಿನಲ್ಲಿ ಹಾಡುಗಾರರದೊಂದು ದಿನದ ಕಾರ್ಯಕ್ರಮವಿತ್ತು. ಬೆಳಿಗ್ಗೆ ಗೋಷ್ಠಿ, ಸಂಜೆ ಬಯಲು ವೇದಿಕೆಯಲ್ಲಿ ಗಾಯನ. ನಾನೂ ನಮ್ಮ ಶಾಲೆಯ ಹಿಂದಿ ಟೀಚರೂ ಭಾಲ್ಕಿಯಿಂದ ಮೊದಲ ಬಸ್ಸು ಹಿಡಿದೆವು. 2023ರ ಜೂನಿನಿಂದ ನಮ್ಮ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರ್ ಶೂನ್ಯ ಎಂದು ಬರೆದ ಚೀಟಿ ಕೊಡುತ್ತಾನೆ. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡೆ. ಅದರ ಮಾತು ಮುಂದೆ ಬರುತ್ತದೆ.

ಗೋಷ್ಠಿಯಲ್ಲಿ ಮಾತಾಡಿದವರು ಮೂವರು. ಧ್ವನಿಮುದ್ರಣದ ಕಸುಬಿನವರೊಬ್ಬರು, ವಕೀಲರೊಬ್ಬರು, ಕಲಾವಿದರ ಮಾಶಾಸನದ ಅರ್ಜಿ ತುಂಬುವುದು ಹೇಗೆಂದು ಹೇಳಲು ಬಂದವರೊಬ್ಬರು. ಮೊದಲಿನ ಎರಡು ಸಾಲುಗಳಲ್ಲಿ ನಮ್ಮಂಥ ಬಿಳಿ ಬಟ್ಟೆಯವರು. ಹಿಂದಿನ ಸಾಲುಗಳಲ್ಲಿ ಹಾಡುವವರು: ಔರಾದ ತಾಲ್ಲೂಕಿನ ಭಜನೆಯವರು, ತಾಂಡಾದ ಲಂಬಾಣಿ ಹೆಂಗಸರು, ಚೌಡಿಕೆಯವರು, ಮೊಹರಂ ಪದ ಹಾಡುವ ಮುದುಕರು. ಅವರ ಕಾಲ ಸಂದಿಯಲ್ಲಿ ಬಟ್ಟೆ ಸುತ್ತಿದ ಏಕತಾರಿ, ದಮ್ಮಡಿಗಳು. ಮಾತು ಅವರ ಬಗ್ಗೆ. ಮಾತು ಕೇಳಲು ಮುಂದೆ ಕೂತವರು ನಾವು.

ಧ್ವನಿಮುದ್ರಣದವರು ಗೌಹರ್ ಜಾನ್‌ರ ಸಂಗತಿ ಹೇಳಿದರು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲಕತ್ತೆಗೆ ಬಂದು ಹಾಡು ಹಿಡಿದಾಗ ಹಾಡಿದ ಮೊದಲಿಗರಲ್ಲಿ ಆಕೆಯೂ ಒಬ್ಬರು. ಹಾಡಿನ ಕೊನೆಗೆ ಗಟ್ಟಿಯಾಗಿ, ಇಂಗ್ಲಿಷಿನಲ್ಲಿ, "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಹೇಳುತ್ತಿದ್ದರು. ಆ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಲಿ ಎಂಬುದಕ್ಕೆ ಈ ಏರ್ಪಾಡು. ಆಕೆ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಕಾರಖಾನೆಯವರ ಅನುಕೂಲಕ್ಕೆ ಹೇಳಿದ ಮಾತು. ಆದರೆ ನೂರಿಪ್ಪತ್ತು ವರ್ಷ ದಾಟಿದರೂ ಆ ಹೆಸರು ತಟ್ಟೆಯ ಮೇಲೆ ತಿರುಗುತ್ತಲೇ ಇದೆ. ನಮ್ಮ ಹೆಂಗಸರು ಹಾಡು ಮುಗಿಸಿ ಹೀಗೆ ಹೆಸರು ಹೇಳಿದ್ದಾರೆಯೇ? ಹಾಡು ಮುಗಿದರೆ ಸೆರಗು ಬಾಯಿಗೆ ಅಡ್ಡ ಬರುತ್ತದೆ.

ವಕೀಲರು ಕಾಯ್ದೆ ಹೇಳಿದರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲು ಬರೆದವರಿಗೆ, ರಾಗ ಕಟ್ಟಿದವರಿಗೆ, ತಟ್ಟೆ ತಯಾರಿಸಿದವರಿಗೆ ಹಕ್ಕಿತ್ತೇ ಹೊರತು ಹಾಡಿದವರಿಗೆ ಇರಲಿಲ್ಲ. 1994ರಲ್ಲಿ ತಿದ್ದಿ 1995ರಿಂದ ಹಾಡಿದವರಿಗೂ ಹಕ್ಕು ಕೊಟ್ಟರು. ಯಾರು ಪ್ರದರ್ಶಕರು ಎಂಬುದಕ್ಕೆ ಕಾಯ್ದೆಯಲ್ಲಿ ಒಂದು ಯಾದಿಯೇ ಇದೆ: ನಟರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ದೊಂಬರಾಟದವರು, ಜಾದೂಗಾರರು, ಹಾವಾಡಿಗರು, ಉಪನ್ಯಾಸ ಕೊಡುವವರು. ಹಾವಾಡಿಗರ ಪಕ್ಕಕ್ಕೇ ಉಪನ್ಯಾಸ ಕೊಡುವವರನ್ನು ಕೂಡಿಸಿದ್ದು ಕೇಳಿ ಹಿಂದಿ ಟೀಚರ್ ನನ್ನ ಮೊಣಕೈ ತಿವಿದರು. ಎಷ್ಟೋ ವರ್ಷ ಏಳನೇ ತರಗತಿಗೆ ಪಾಠ ಹೇಳಿದವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. 2012ರಲ್ಲಿ ಮತ್ತೆ ತಿದ್ದಿ, ಹಾಡಿದವರನ್ನು ಹೆಸರಿಟ್ಟು ಗುರುತಿಸಬೇಕು ಎಂಬುದನ್ನೂ ಅವರ ಹಕ್ಕಾಗಿ ಬರೆದರು. ಹಾಡನ್ನು ವ್ಯಾಪಾರಕ್ಕೆ ಬಳಸಿದರೆ ಪಾಲು ಕೊಡಬೇಕು ಎಂದೂ ಬರೆದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಅರವತ್ತರ ಹತ್ತಿರದವಳು, ಔರಾದ ಕಡೆಯವಳೆಂದು ಮಾತಿನಲ್ಲೇ ತಿಳಿಯಿತು.

"ಸಾಹೇಬರೇ, ಒಂದು ಮಾತು ಕೇಳಲಾ? ನಾ ಹಾಡಿದ್ದು ಯಾರೋ ಫೋನಿನ್ಯಾಗ ತುಂಬಕೊಂಡು ಹೋದ್ರು. ಈಗ ನನ್ನ ಮೊಮ್ಮಗ ಅದೇ ಹಾಡು ನನಗೇ ತೋರಸ್ತಾನ. ಲಾಖ್ ಮಂದಿ ನೋಡ್ಯಾರಂತ. ಅವರೊಳಗ ನನಗ ಒಬ್ಬರ ಗುರ್ತಿಲ್ಲ, ಅವರಿಗೆ ನನ್ನ ಗುರ್ತಿಲ್ಲ. ಹಾಡು ನಂದೋ, ಅವರದೋ?"

"ಲಿಖಿತ ಒಪ್ಪಂದ ಏನಾದರೂ ಇತ್ತೇನಮ್ಮಾ?" ಎಂದರು ವಕೀಲರು.

"ಲಿಖಿತ ಬರ್ತಿದ್ರ ನಾ ಹಾಡು ಯಾಕ ಬಾಯಿಲೆ ಇಟಗೋತಿದ್ದೆ?"

ಸಭೆ ನಕ್ಕಿತು. ವಕೀಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನನಗೆ ಹೊಟ್ಟೆಯಲ್ಲಿ ಏನೋ ಕಚ್ಚಿದಂತಾಯಿತು. ಯಾಕೆಂದು ಆಗ ನಾನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಹುಡುಗ ಫಾರಂಗಳ ಕಟ್ಟು ಹಿಡಿದು ಬಂದ. ಗೌರವಧನ ಬ್ಯಾಂಕಿಗೆ ಹಾಕಲು ತಂಡದ ವಿವರ ಬೇಕಂತೆ. ಬರೆಯಬಲ್ಲವರು ಕಡಿಮೆ, ಟೀಚರೆಂದು ಗೊತ್ತಾದ ಮೇಲೆ ನನ್ನನ್ನು ಬಿಡುವವರಾರು? ಎಲೆ ಬದಿಗಿಟ್ಟು ಪೆನ್ನು ತೆಗೆದೆ. ಫಾರಂನಲ್ಲಿ ತಂಡದ ಮುಖ್ಯಸ್ಥರ ಹೆಸರಿಗೆ ಒಂದು ಗೆರೆ. ಕೆಳಗೆ "ಇತರೆ ಸದಸ್ಯರ ಸಂಖ್ಯೆ" ಎಂದು ಒಂದು ಚೌಕ. ಏಳು ಎಂದೋ ಒಂಬತ್ತು ಎಂದೋ ಅಂಕಿ ಬರೆದರೆ ಮುಗಿಯಿತು. ಒಂದು ಹೆಂಗಸರ ತಂಡಕ್ಕೆ ಮುಖ್ಯಸ್ಥರೆಂದು ಗಂಡಸಿನ ಹೆಸರು ಹೇಳಿದರು. "ಇವರೂ ಹಾಡುತ್ತಾರೇನು?" ಎಂದೆ. "ಇಲ್ಲರೀ, ಅವರ ಖಾತೆ ಅದ" ಎಂದರು. ನಾನು ಚೌಕದಲ್ಲಿ 8 ಎಂದು ಬರೆದೆ. ಬೇರೇನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಸಂಜೆಯವರೆಗೆ ವೇಳೆಯಿತ್ತು. ಚೌಬಾರದ ಕಡೆಯಿಂದ ಮಹಮೂದ್ ಗವಾನರ ಮದರಸಾದವರೆಗೆ ನಡೆದು ಹೋದೆವು. ದಾರಿಯಲ್ಲಿ ಬಿದರಿ ಕೆಲಸದ ಅಂಗಡಿಗಳು. ಒಬ್ಬಾತ ತಲೆ ಬಗ್ಗಿಸಿ ಕಪ್ಪು ಹೂದಾನಿಯ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಿದ್ದ. ಆ ಕಪ್ಪು ಬಣ್ಣ ಬರುವುದು ನಮ್ಮ ಕೋಟೆಯ ಮಣ್ಣಿನಿಂದ. ಹೂದಾನಿ ಲಂಡನ್ನಿಗೆ ಹೋದರೂ ಬೀದರದ ಹೆಸರು ಹೊತ್ತೇ ಹೋಗುತ್ತದೆ. ಕಾಯ್ದೆಯ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ತಳವನ್ನು ತಿರುಗಿಸಿ ನೋಡಿದರೆ ಮಾಡಿದವನ ಹೆಸರು ಸಿಗುವುದು ಅಪರೂಪ. 2023ರಲ್ಲಿ ಬೀದರದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಿಗ್ಗಿದ್ದು ಇದಕ್ಕೇ ಇರಬೇಕು. ಊರಿನ ಹೆಸರಿದ್ದ ಕಸುಬಿಗೆ ಒಬ್ಬ ಮನುಷ್ಯನ ಹೆಸರೂ ಕೂಡಿಕೊಂಡಿತು.

ಸಂಜೆಯ ಹಾಡು ಆರಕ್ಕೆ ಶುರುವಾಯಿತು. ನಾಲ್ಕು ನೂರು ಕುರ್ಚಿಗಳಲ್ಲಿ ಜನ ನಾವು ಐವತ್ತು. ತಂಡಕ್ಕೆ ಎಂಟು ನಿಮಿಷವೆಂದು ಕಟ್ಟಪ್ಪಣೆ. ತತ್ವಪದದ ಮುದುಕರು ಏಕತಾರಿಯ ಶ್ರುತಿ ಕೂಡಿಸುವುದಕ್ಕೇ ಮೂರು ನಿಮಿಷ ಹೋಯಿತು. ಅವರ ಹಾಡು ಒಂದೇ ಸಲ ಏರುವಂಥದಲ್ಲ. ಒಂದೇ ಸೊಲ್ಲನ್ನು ಮತ್ತೆ ಮತ್ತೆ ತಿರುಗಿಸುತ್ತ, ದಮ್ಮಡಿಯ ಪೆಟ್ಟು ಒಂದೊಂದು ಗೋಧಿಕಾಳಿನಷ್ಟು ಬಿಗಿಯಾಗುತ್ತ ಹೋಗಿ, ನಮಗೆ ತಿಳಿಯುವ ಮೊದಲೇ ನಮ್ಮ ಕಾಲು ಅಲ್ಲಾಡುತ್ತಿರುತ್ತದೆ. ಸರಿಯಾಗಿ ಆ ಹಂತಕ್ಕೆ ಬಂದಾಗ ನಿರೂಪಕಿ ಬಂದು "ಧನ್ಯವಾದಗಳು" ಎಂದಳು. ಮೈಕು ನಿಂತಿತು. ಮುದುಕರು ಮೈಕಿಲ್ಲದೆಯೇ ಇನ್ನೂ ಎರಡು ಸೊಲ್ಲು ಹಾಡಿ, ನಿಂತ ನೀರಿನಲ್ಲಿ ಕಾಲಿಟ್ಟವರ ಹಾಗೆ ಮೆಲ್ಲಗೆ ಇಳಿದರು. ಬೆಳಿಗ್ಗೆ ಪ್ರಶ್ನೆ ಕೇಳಿದ ಹೆಣ್ಣುಮಗಳ ತಂಡವೂ ಹಾಡಿತು. ಅದು ದಸರಾ ದೀಪಾವಳಿಯ ದಿನಗಳಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಸುತ್ತುಗಟ್ಟಿ ಹಾಡುವ ಬುಲಾಯಿ ಪದ. ಪತ್ರಿಕೆಯಲ್ಲಿ ಹೆಸರಿದ್ದ ಶ್ರೀಯುತರು ಮುಂದೆ ನಿಂತು ಕೈ ಮುಗಿದರು. ಎಂಟು ಸಂಗಡಿಗರು ಹಾಡಿದರು.

ಒಂಬತ್ತಕ್ಕೆ ಸಿನಿಮಾ ಹಾಡುಗಳ ವಾದ್ಯಗೋಷ್ಠಿ. ಅಷ್ಟರಲ್ಲಿ ಕುರ್ಚಿಗಳೆಲ್ಲ ತುಂಬಿ ಜನ ಗೋಡೆ ಹತ್ತಿ ಕೂತಿದ್ದರು. ನಾನು ಇದನ್ನು ಬಯ್ಯಲು ಹೇಳುತ್ತಿಲ್ಲ. ಹಳೆಯ ಹಾಡು ಬಂದಾಗ ನಾನೂ ಚಪ್ಪಾಳೆ ಹೊಡೆದೆ, ಹಿಂದಿ ಟೀಚರಂತೂ ಸಣ್ಣಗೆ ಕೂಡಿ ಹಾಡಿದರು. ಹಾಡುಗಳಲ್ಲಿ ಮೇಲುಕೀಳು ಮಾಡುವ ವಯಸ್ಸು ನನ್ನದು ಮುಗಿದಿದೆ. ನನಗೆ ಕಾಡಿದ್ದು ಬೇರೆ: ಆ ಸಿನಿಮಾ ಹಾಡುಗಳಲ್ಲಿ ಒಂದೊಂದಕ್ಕೂ ಬರೆದವರು ಯಾರು, ರಾಗ ಹಾಕಿದವರು ಯಾರು, ಮೊದಲು ಹಾಡಿದವರು ಯಾರು ಎಂದು ಸಭೆಯಲ್ಲಿದ್ದ ಹುಡುಗರು ನಿದ್ದೆಯಲ್ಲೂ ಹೇಳಬಲ್ಲರು.

ಕೊನೆಯ ಬಸ್ಸಿನಲ್ಲಿ ಇದನ್ನೇ ಹೇಳಿದೆ. ಹಿಂದಿ ಟೀಚರ್ ಒಪ್ಪಲಿಲ್ಲ.

"ಅಕ್ಕಾ, ನೀವು ಹೇಳೋದು ವಿಚಿತ್ರ. ಆ ಮುದುಕರು ಹಾಡಿದ್ದೇನು? ನಾನು ಎಂಬುದನ್ನ ಬಿಡು ಅಂತ. ನಾನು ಬಿಡು ಅಂತ ಹಾಡಿದವರಿಗೆ ನೀವು ಹೋಗಿ ನಿಮ್ಮ ಹೆಸರೇನು ಅಂತ ಕೇಳತೀರಿ. ಹಾಡು ಹೊಳೆ ಇದ್ದಂಗ. ಹೊಳಿಗೆ ಹೆಸರು ಕೇಳತಾರೇನು?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಮಾತಿನಲ್ಲಿ ನಿಜವಿತ್ತು. ತತ್ವಪದಗಳಲ್ಲಿ ಕೊನೆಗೆ ಅಂಕಿತ ಬರುತ್ತದೆ. ಹೆಚ್ಚಾಗಿ ಅದು ಗುರುವಿನದೋ ದೇವರದೋ ಹೆಸರು. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಲಕ್ಕಮ್ಮನ ಅಂಕಿತವೂ ಹಾಗೆಯೇ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರಿದೆ, ದೇವರ ಹೆಸರಿದೆ, ತನ್ನದಿಲ್ಲ. ಔರಾದಿನವರಿಗೆ ಅಮರೇಶ್ವರ ಊರ ದೇವರು. ಹೆಸರು ಕೇಳಿದರೆ ಸಾಕು ಕೈ ಮುಗಿಯುತ್ತಾರೆ. ಹುಮನಾಬಾದಿನ ಮಾಣಿಕನಗರದಲ್ಲಿ ಪ್ರಭುಗಳ ಸನ್ನಿಧಿಯ ಸಂಗೀತ ದರಬಾರಿನಲ್ಲಿ ದೊಡ್ಡ ದೊಡ್ಡ ಗವಾಯಿಗಳು ಸೇವೆಯೆಂದು ಹಾಡುತ್ತ ಬಂದಿದ್ದಾರೆ. ಅಲ್ಲಿ ಲೆಕ್ಕ ಕೇಳಿದವರು ಯಾರು?

ಆದರೆ ಬಸ್ಸು ಕುಲುಕುತ್ತಿದ್ದಂತೆ ಒಂದೊಂದೇ ಎಳೆ ಬಿಚ್ಚತೊಡಗಿತು. ದರಬಾರಿನಲ್ಲಿ ಹಾಡಿದ ಗವಾಯಿ ತನಗೊಂದು ಹೆಸರಿದ್ದು ಅದನ್ನು ಬಾಗಿಲ ಹೊರಗಿಟ್ಟು ಒಳಗೆ ಹೋದವನು. ಹೊರಗೆ ಬಂದಾಗ ಅದು ಅಲ್ಲಿಯೇ ಇರುತ್ತದೆ, ಚಪ್ಪಲಿಯ ಹಾಗೆ. ಲಕ್ಕಮ್ಮನೂ ಅಷ್ಟೇ. ಮಾರಯ್ಯ ಅಂಗಳದಿಂದ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮ್ಮ ಪಾಲಿನದಲ್ಲ ತಿರುಗಿ ಸುರಿದು ಬಾ ಎಂದವಳು ಆಕೆ. ಹೆಚ್ಚಿನದನ್ನು ಬೇಡವೆನ್ನಬೇಕಾದರೆ ನಮ್ಮ ಪಾಲು ಎಷ್ಟೆಂದು ಮೊದಲು ನಮಗೆ ಗೊತ್ತಿರಬೇಕು, ಅದು ನಮ್ಮ ಕೈ ಸೇರಿರಬೇಕು. ಮತ್ತೊಂದು ಮಾತು: ಅಂಕಿತದಲ್ಲಿ ತನ್ನ ಹೆಸರಿಡದಿದ್ದರೂ ನಮಗೆ ಲಕ್ಕಮ್ಮ ಗೊತ್ತು. ಕಾಪಿಟ್ಟವರು, ಬರೆದಿಟ್ಟವರು ಆ ಹೆಸರನ್ನು ಬಿಡಲಿಲ್ಲ. ಮನೆಮನೆಯ ತಾಳೆಗರಿಯ ಕಟ್ಟು ಹುಡುಕಿ 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರಂಥವರು ಎಲ್ಲ ವಚನಗಳ ಮೇಲೆ "ಶರಣರು ಹಾಗೂ ಸಂಗಡಿಗರು" ಎಂದು ಬರೆದಿದ್ದರೆ ನಾವಿಂದು ಯಾರಿಗೆ ಕೈ ಮುಗಿಯುತ್ತಿದ್ದೆವು?

"ಬಿಡುವುದು ಬೇರೆ, ಕಳೆದುಕೊಳ್ಳುವುದು ಬೇರೆ" ಎಂದೆ. "ಆ ಮುದುಕರು ನಾನು ಎಂಬುದನ್ನು ಬಿಡಲಿ. ಅವರದನ್ನು ಬಿಡಿಸುವ ಹಕ್ಕು ನಮಗಿಲ್ಲ."

ಪರ್ಸಿನಿಂದ ಶೂನ್ಯದ ಚೀಟಿ ತೆಗೆದು ತೋರಿಸಿದೆ. "ನೋಡಿ, ನಮ್ಮಿಂದ ದುಡ್ಡು ತಗೊಳ್ಳಲಿಲ್ಲ. ಆದರೂ ಚೀಟಿ ಹರಿದು ಕೊಟ್ಟರು. ನಾವು ಹತ್ತಿದ್ದಕ್ಕೆ, ಇಳಿದದ್ದಕ್ಕೆ ಲೆಕ್ಕ ಇದೆ. ಪುಕ್ಕಟೆ ಎಂದರೆ ಲೆಕ್ಕಕ್ಕಿಲ್ಲ ಎಂದಲ್ಲ."

ಹಿಂದಿ ಟೀಚರ್ ನಕ್ಕು, "ಇವತ್ತು ನಿಮಗೆ ಏನೋ ಆಗ್ಯದ" ಎಂದರು.

ಹೌದು, ಆಗಿತ್ತು. ಬೆಳಿಗ್ಗೆ ಹೊಟ್ಟೆಯಲ್ಲಿ ಕಚ್ಚಿದ್ದು ಅದೇ. ಈಗ ಅದನ್ನು ಹೇಳಲೇಬೇಕು.

1998ರಲ್ಲಿ ನಾನು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ. ಬಾಡಿಗೆ ಮನೆಯ ಹಿಂದೆ ಒಬ್ಬ ಆಯಿ ಇದ್ದಳು. ನಮ್ಮ ಗಡಿಯ ಕಡೆ ಮುದುಕಿಯರನ್ನು ಆಯಿ ಎನ್ನುವುದು ರೂಢಿ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಆದರೂ ತೊಗರಿ ಒಡೆಯುವುದಕ್ಕೆ ಆಯಿ ಬೀಸುಕಲ್ಲಿಗೇ ಕೂರುವಳು. ನಸುಕಿನಲ್ಲಿ ಕಲ್ಲಿನ ಗುರುಗುರು, ಅದರ ಮೇಲೆ ಆಕೆಯ ದನಿ. ಹೊಸ ಊರಿನಲ್ಲಿ ಒಬ್ಬಳೇ ಇದ್ದ ನನಗೆ ಆ ದನಿಯೇ ಗಡಿಯಾರ, ಆ ದನಿಯೇ ಧೈರ್ಯ. ಟೇಪ್ ರೆಕಾರ್ಡರ್ ತಂದು, ಹಾಡು ಆಯಿ ಎಂದೆ. ಕಲ್ಲು ಬಿಟ್ಟು ಕೂಡಿಸಿದರೆ ಆಕೆಗೆ ಒಂದು ಸಾಲೂ ನೆನಪಾಗಲಿಲ್ಲ. ಗೂಟಕ್ಕೆ ಕೈ ಹಚ್ಚಿದ ಕೂಡಲೇ ಹಾಡು ತಾನಾಗಿ ಬಂತು. ಕಲ್ಲಿನ ಸದ್ದು ಹಾಡಿಗೆ ಅಡ್ಡ ಬರುತ್ತದೆಂದು ನಾನು ಬೇಜಾರು ಮಾಡಿಕೊಂಡೆ.

"ಅಕ್ಕೋರೇ, ಆ ಡಬ್ಬಿಯೊಳಗ ಹೋದಮ್ಯಾಲ ಹಾಡು ನನ್ನ ಬಲ್ಲಿ ಉಳೀತದೇನು?" ಎಂದು ಆಯಿ ಕೇಳಿದಳು. ನಾನು ವಿಜ್ಞಾನದ ಪಾಠ ಹೇಳುವಂತೆ, ಕನ್ನಡಿಯಲ್ಲಿ ಮುಖ ನೋಡಿದರೆ ಮುಖ ಕಡಿಮೆಯಾಗುತ್ತದೆಯೇ ಎಂದೆ. ಆಕೆ ಸುಮ್ಮನಾದಳು.

ಹನ್ನೊಂದು ಹಾಡು ಬರೆದುಕೊಂಡೆ. ಒಂದು ಸ್ಮರಣ ಸಂಚಿಕೆಯಲ್ಲಿ ಅವು ಅಚ್ಚಾದವು. ಮೇಲೆ "ಸಂಗ್ರಹ" ಎಂದು ನನ್ನ ಹೆಸರು, ಮುಂದೆ ಬಿ.ಎ., ಬಿ.ಇಡಿ. ಕೆಳಗೆ ಅಡಿಟಿಪ್ಪಣಿ: "ಹಾಡಿದವರು: ಗ್ರಾಮದ ಒಬ್ಬ ವೃದ್ಧೆ." ನನಗೆ ಶಾಲು ಹೊದಿಸಿದರು. ಆಯಿಗೆ ನಾನು ಕಾಲು ಕಿಲೋ ಪೇಡೆ ಕೊಟ್ಟೆ. ವರ್ಗವಾಗಿ ಭಾಲ್ಕಿಗೆ ಬಂದ ಮೇಲೆ ಆ ಕ್ಯಾಸೆಟ್ಟಿನ ಮೇಲೆಯೇ ನನ್ನ ಮಗನ ಮಗ್ಗಿ ತುಂಬಿಸಿದೆ. ಹೊಸ ಕ್ಯಾಸೆಟ್ಟಿಗೆ ಮೂವತ್ತು ರೂಪಾಯಿ ಯಾಕೆ ಖರ್ಚೆಂದು. ಎರಡೆರಡ್ಲೆ ನಾಲ್ಕು ಎಂಬಲ್ಲಿ ಆಯಿ ಅಳಿಸಿಹೋದಳು.

ಫೋನಿನಲ್ಲಿ ತುಂಬಿಕೊಂಡು ಹೋದ ಹುಡುಗನಿಗೂ ನನಗೂ ಏನು ಅಂತರ? ಅವನಿಗೆ ಹಣ ಬಂದಿರಬಹುದು, ನನಗೆ ಶಾಲು ಬಂತು. ಅವನಾದರೂ ಹಾಡನ್ನು ಅಳಿಸಿಲ್ಲ.

ಎಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಬಸ್ಸಿನಲ್ಲಿ ಕೂತು ನೆನೆಸಿಕೊಂಡಾಗ ನನಗೆ ಆಯಿಯ ಹೆಸರು ನೆನಪಾಗಲಿಲ್ಲ. ಮರೆತದ್ದಲ್ಲ, ನಾನು ಕೇಳಿಯೇ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಔರಾದ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಆಯಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರನ್ನು ಕೇಳಿದೆ. ಆಕೆಯ ಗಂಡನ ಹೆಸರು ಹೇಳಿದರು, ಮಾವನ ಹೆಸರು ಹೇಳಿದರು, ಹೈದರಾಬಾದಿಗೆ ದುಡಿಯಲು ಹೋದ ಮೊಮ್ಮಕ್ಕಳ ಹೆಸರು ಹೇಳಿದರು. ಆ ಮನೆಯಲ್ಲಿದ್ದ ಬಿಳಿ ಎತ್ತಿನ ಹೆಸರನ್ನೂ ಹೇಳಿದರು. ಆಯಿಯ ಹೆಸರು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿದರು. "ಆಯಿ ಅಂದ್ರ ಆಯೀನೇರೀ" ಎಂದರು.

ಸೊಸೆ ಮನೆಯಲ್ಲಿದ್ದಳು. ಅವಳ ತಲೆಯೂ ಹಣ್ಣಾಗಿತ್ತು. ಚಹಾ ಕೊಟ್ಟಳು. ಬೀಸುಕಲ್ಲು ಅಂಗಳದ ಮೂಲೆಯಲ್ಲಿ ತುಳಸಿಕಟ್ಟೆಗೆ ಆಸರೆಯಾಗಿತ್ತು. ಹಳೆಯ ರೇಷನ್ ಕಾರ್ಡು ತೆಗೆದು ತೋರಿಸಿದಳು. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಇಲ್ಲಿ ಇಟ್ಟ ಹೆಸರು ಇನ್ನೊಂದು. ಕಾರ್ಡಿನಲ್ಲಿ ಇದ್ದದ್ದು ಎರಡನೆಯದು, ಅದೂ ಒಂದು ಅಕ್ಷರ ತಪ್ಪು. ಎರಡನ್ನೂ ಹೇಳಿಸಿಕೊಂಡು ಬರೆದುಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ಈ ಸಲ ಬರೆಯುವ ಪುಸ್ತಕದಲ್ಲಿ ಆಯಿಯ ಹೆಸರು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ, ಹಾಡುಗಳನ್ನೂ ಮತ್ತೆ ಅಚ್ಚು ಮಾಡಿಸುತ್ತೇನೆ ಎಂದೆ. ಸಂಚಿಕೆ ತೆಗೆದು ಒಂದು ಹಾಡು ಓದಿ ತೋರಿಸಿದೆ.

ಸೊಸೆ ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಇದು ಹಾಡಲ್ರೀ ಅಕ್ಕೋರೇ. ಇದು ಖರೇನೇ ನಡದದ್ದು. ನಮ್ಮತ್ತಿ ತಾನೇ ಕಟ್ಟಿದ್ದು. ಈ ಹಾಡಿನ್ಯಾಗ ಬರೋ ಮಂದಿಯ ಮಕ್ಕಳು ಇನ್ನಾ ಇದೇ ಓಣ್ಯಾಗ ಅದಾರ. ಹೆಸರು ಹಾಕಿದ್ರ ಗುರ್ತ ಹಿಡೀತಾರ. ಕೈ ಮುಗೀತೀನಿ, ಹಾಕಬ್ಯಾಡ್ರಿ."

ನಾನು ಮಾತಾಡಲಾರದೆ ಕೂತೆ. "ಸಂಪ್ರದಾಯದ ತವರಿನ ಹಾಡು" ಎಂದು ನಾನು ತಲೆಬರಹ ಕೊಟ್ಟದ್ದು ಒಬ್ಬ ಹೆಣ್ಣು ತನ್ನ ಬಾಳನ್ನು ತಾನೇ ಕಟ್ಟಿಕೊಂಡ ಹಾಡಾಗಿತ್ತು. ಹಾಡಿದವಳ ಹೆಸರು ಮಾತ್ರವಲ್ಲ, ಬರೆದವಳ ಹೆಸ‌ರನ್ನೂ ನುಂಗಿದ್ದೆ. ಮತ್ತು ಆ ಹೆಸರಿಲ್ಲದ್ದೇ ಆಕೆಗೆ ಸೆರಗಾಗಿತ್ತು. ಎದುರಿಗೆ ಹೇಳಲಾರದ್ದನ್ನು, ಇದು ಹಳೆಯ ಹಾಡು, ಯಾರೋ ಕಟ್ಟಿದ್ದು ಎಂಬ ಮರೆಯಲ್ಲಿ ಕೂತು, ಕಲ್ಲಿನ ಸದ್ದಿನ ಒಳಗೆ, ಅತ್ತೆ ಮಾವಂದಿರು ಕೇಳುವಂತೆಯೇ ಹೇಳಿದ್ದಳು.

ಭಾಲ್ಕಿಯ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಹೊರಗೆ ಬರೆದ ಹೆಸರು ಬೇರೆಯಾದುದರಿಂದಲೇ ಒಳಗಿನದು ಉಳಿಯಿತು. ಹೆಸರು ಹೇಳುವುದು ಒಂದು ಧರ್ಮವಾದರೆ, ಮುಚ್ಚುವುದೂ ಕೆಲವೊಮ್ಮೆ ಧರ್ಮವೇ. ಯಾವುದು ಎಂದು ಯಾರು ಹೇಳಬೇಕು ಎಂಬುದೇ ಪ್ರಶ್ನೆ. ಹಾಡಿದವರು ಹೇಳಬೇಕು, ಅವರಿಲ್ಲದಿದ್ದರೆ ಅವರ ಮನೆಯವರು ಹೇಳಬೇಕು. ಕೇಳಿಸಿಕೊಂಡವರು ಅಲ್ಲ. ನಮ್ಮ ಪಾಲಿನ ಕೆಲಸ ಇಷ್ಟೇ: ಬಾಗಿ ಕೇಳುವುದು. ಕೇಳುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಹಾಡನ್ನು ಕೇಳಿದ್ದೆ, ಹಾಡಿದವಳನ್ನು ಕೇಳಿರಲಿಲ್ಲ.

ಹಾಗಾಗಿ ಇಲ್ಲಿ ಆಯಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಹಾಡಿನಲ್ಲಿ ಏನಿತ್ತೆಂಬುದೂ ಇಲ್ಲ. ಇಷ್ಟನ್ನು ಬರೆಯಲು ಸೊಸೆಯ ಒಪ್ಪಿಗೆ ಪಡೆದೆ. ಇಪ್ಪತ್ತೈದು ವರ್ಷದ ಹಿಂದಿನ ಸಂಚಿಕೆಯಲ್ಲೂ ಹೆಸರಿಲ್ಲ, ಈ ಪುಸ್ತಕದಲ್ಲೂ ಹೆಸರಿಲ್ಲ. ನೋಡುವವರಿಗೆ ಎರಡೂ ಒಂದೇ. ನನಗೆ ಒಂದಲ್ಲ. ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದ್ದು ಸುಮ್ಮನಿದ್ದೇನೆ.

ಮೊನ್ನೆ ನಮ್ಮ ಶಾಲೆಯ ವಾರ್ಷಿಕೋತ್ಸವದ ಪತ್ರಿಕೆ ಅಚ್ಚಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬುಲಾಯಿ ಪದ ಹಾಡುವ ಹನ್ನೆರಡು ಹುಡುಗಿಯರನ್ನು ಕರೆದು, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಹನ್ನೊಂದು ಮಂದಿ ಹೋ ಎಂದು ಕುಣಿದರು. ಒಬ್ಬಳು ತಲೆ ತಗ್ಗಿಸಿ, "ಬ್ಯಾಡ್ರೀ ಟೀಚರ್, ನಮ್ಮಪ್ಪಗ ಹಾಡೋದು ಸೇರಂಗಿಲ್ಲ" ಎಂದಳು. ಹನ್ನೊಂದು ಹೆಸರು ಬರೆದು, ಕೊನೆಗೆ "ಹಾಗೂ ಒಬ್ಬ ಸಂಗಡಿಗಳು" ಎಂದು ಸೇರಿಸಿದೆ.

ಪ್ರೆಸ್ಸಿನವನು ಪತ್ರಿಕೆಯನ್ನು ಎರಡು ಸಲ ಓದಿ, "ಮೇಡಂ, ಜಾಗ ಸಾಲೋದಿಲ್ಲ. ಎಲ್ಲಿ ಕಡಿಮೆ ಮಾಡಲಿ?" ಎಂದ.

ಮುಖ್ಯ ಅತಿಥಿಗಳ ಮಾಜಿ ಪದವಿಗಳ ಮೇಲೆ ನಾನು ಪೆನ್ಸಿಲ್ ಎಳೆದೆ.